ಮೈಲುತುತ್ತದ ಋಣ



ಕಳೆದ ತಿಂಗಳ ಉಪನ್ಯಾಸ ಮುಗಿದ ಮೇಲೆ ಯಲ್ಲಾಪುರದ ಕಡೆಯ ಒಬ್ಬ ತಂಗಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು, ನನ್ನನ್ನು ಜಗಲಿಯಲ್ಲಿ ನಿಲ್ಲಿಸಿಕೊಂಡು, “ಕಂಪನಿಗೆ ಸೇರಲೋ, ಸಂಶೋಧನೆ ಮಾಡಿ ಕಾಲೇಜಿನಲ್ಲಿ ನಿಲ್ಲಲೋ?” ಎಂದು ಕೇಳಿದಳು. ಸಂಬಳದ ಲೆಕ್ಕವನ್ನು ನನಗಿಂತ ಅವಳೇ ಚೆನ್ನಾಗಿ ಬಲ್ಲಳಾದ್ದರಿಂದ ಅದನ್ನು ಬದಿಗಿರಿಸಿ, ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ, ಮಳೆಗಾಲದ ಬಿಡುವು ನೋಡಿ ಮರ ಹತ್ತುವ ಕೊನೆಗೌಡನು ಅಡಿಕೆಮರದ ತುದಿಗೆ ಒಯ್ಯುವ ಮದ್ದಿನ ವಿಷಯವಾಗಿ ನಾನು ಬಹುಕಾಲದಿಂದ ಸಾಕಿಕೊಂಡು ಬಂದಿರುವ ಒಂದು ತಕರಾರನ್ನು ಇಂದು ತಮ್ಮ ಮುಂದೆ ನಿವೇದಿಸುತ್ತೇನೆ.

ಮೈಲುತುತ್ತ, ಸುಣ್ಣ, ನೀರು. ಬೋರ್ಡೋ ದ್ರಾವಣವೆಂಬ ಆ ಮದ್ದೆಂದರೆ ಇಷ್ಟೇ. ಫ್ರಾನ್ಸಿನ ಬೋರ್ಡೋ ನಗರದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ದೆ 1885ರಲ್ಲಿ ಇದನ್ನು ಲೋಕಕ್ಕೆ ಸಾರಿದನೆಂದು ಪುಸ್ತಕಗಳು ಹೇಳುತ್ತವೆ. ಆದರೆ 1882ರಲ್ಲಿ ಅವನು ಮೆಡಾಕ್ ಸೀಮೆಯ ದ್ರಾಕ್ಷಿತೋಟಗಳ ನಡುವೆ ಹೋಗುತ್ತಿದ್ದಾಗ, ರೋಗದಿಂದ ಎಲ್ಲೆಲ್ಲೂ ಎಲೆಯುದುರಿದ್ದರೂ ದಾರಿಯ ಅಂಚಿನ ಬಳ್ಳಿಗಳು ಮಾತ್ರ ಹಸುರಾಗಿ ನಿಂತಿದ್ದುದನ್ನು ಕಂಡು ವಿಚಾರಿಸಲು, ಹಣ್ಣು ಕದಿಯುವ ದಾರಿಹೋಕರನ್ನು ಹೆದರಿಸಲೆಂದು ತೋಟಿಗರು ತುತ್ತ ಸುಣ್ಣಗಳನ್ನು ಎರಚಿದ್ದರೆಂದು ತಿಳಿದುಬಂದಿತು. ಅರ್ನೆಸ್ಟ್ ಡೇವಿಡ್ ಎಂಬ ತೋಟದ ಮೇಲ್ವಿಚಾರಕನು ತನ್ನ ಧಣಿಯ ಬಳ್ಳಿಗಳ ಮೇಲೆಯೇ ಮುಂದಿನ ಪ್ರಯೋಗಗಳನ್ನು ನಡೆಸಿಕೊಟ್ಟನು. ಆ ಡೇವಿಡ್ಡನ ಹೆಸರನ್ನು ನಮ್ಮ ಪಠ್ಯಗಳಲ್ಲಿ ನಾನೆಂದೂ ಕಂಡಿಲ್ಲವೆಂಬುದೇ ನನ್ನ ತಕರಾರು. ಪ್ರಾಧ್ಯಾಪಕನ ಕಣ್ಣು ಬೀಳದಿದ್ದರೆ ಅದು ಕಳ್ಳರನ್ನು ಬೆದರಿಸುವ ಉಪಾಯವಾಗಿಯೇ ಉಳಿಯುತ್ತಿತ್ತಲ್ಲವೆ ಎಂದು ನನ್ನ ಅಧ್ಯಾಪಕ ಮಿತ್ರರು ಮರುವಾದ ಹೂಡುತ್ತಾರೆ; ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಆ ಮದ್ದನ್ನು ಅಡಿಕೆಯ ಕೊಳೆರೋಗಕ್ಕೆ ಅನ್ವಯಿಸಿದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದ ಮಲೆನಾಡಿಗರಿಗೆ ಇದು ಮಹದುಪಕಾರವಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಶಿರಸಿ ಸಿದ್ದಾಪುರಗಳ ನಾವೂ ಇಂದಿಗೂ ಆ ಋಣದಲ್ಲಿಯೇ ಇದ್ದೇವೆ. ಕೋಲ್ಮನ್ನರನ್ನು ಪಂಡಿತರೆನ್ನೋಣವೆಂದರೆ ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿ ಅವರ ಕೈಯಿದೆ. ಉದ್ಯಮಿಯೆನ್ನೋಣವೆಂದರೆ 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದವರು ಟೊರಾಂಟೋದಲ್ಲಿ ಸಸ್ಯಕೋಶದ ವರ್ಣತಂತುಗಳನ್ನು ನೋಡುತ್ತ ಕುಳಿತರು.

ಇಲ್ಲಿ ನನ್ನ ಗುರುಗಳ ನೆನಪನ್ನು ತಡೆಯಲಾರೆ. ಮದ್ದು ಹದವಾಯಿತೋ ಇಲ್ಲವೋ ಎಂದು ತಿಳಿಯಲು ನಮ್ಮ ತಂದೆಯವರು ಕತ್ತಿಯ ತುದಿಯನ್ನು ಬಾನಿಯಲ್ಲಿ ಅದ್ದುತ್ತಿದ್ದರು. ಕತ್ತಿ ಕೆಂಪೇರಿದರೆ “ಸುಣ್ಣ ಸಾಲದು” ಎನ್ನುತ್ತಿದ್ದರು. ಧಾರವಾಡದಲ್ಲಿ ಗುರುಗಳೊಡನೆ ಇದನ್ನು ಪ್ರಸ್ತಾಪಿಸಿದಾಗ, ಅವರು ಸುಣ್ಣದೊಡನೆ ಕೂಡದೆ ಉಳಿದ ಮೈಲುತುತ್ತದ ತಾಮ್ರವು ಕಬ್ಬಿಣದ ಮೇಲೆ ಕುಳಿತುಕೊಳ್ಳುವ ಬಗೆಯನ್ನು ಹಲಗೆಯ ಮೇಲೆ ಬರೆದು ವಿವರಿಸಿ, ಬಳಪವನ್ನು ಕೆಳಗಿಟ್ಟು, “ನಿಮ್ಮ ತಂದೆಯವರು ನನಗಿಂತ ಒಳ್ಳೆಯ ಪರೀಕ್ಷಕರು, ಅವರು ತಪ್ಪಿದರೆ ಬೆಳೆ ಹೋಗುತ್ತದೆ, ನಾನು ತಪ್ಪಿದರೆ ಹಲಗೆ ಒರಸಿದರಾಯಿತು” ಎಂದರು.

ಆ ಮಾತು ನನ್ನನ್ನು ಮುಂಬಯಿಯ ಒಂದು ಬಣ್ಣದ ಕಾರ್ಖಾನೆಗೆ ಕಳುಹಿಸಿತು. ಅಲ್ಲಿ ನಾನು ಬರೆದ ಪ್ರಯೋಗದ ಪುಸ್ತಕಕ್ಕೆ ಸಂಜೆ ಬೀಗ ಬೀಳುತ್ತಿತ್ತು. ಕಂಡದ್ದನ್ನು ಹೊರಗೆ ಆಡುವಂತಿರಲಿಲ್ಲ. ಎರಡು ವರ್ಷ ಸಹಿಸಿ ಊರಿಗೆ ಮರಳಿ ಅಧ್ಯಾಪಕನಾದೆ. 31 ವರ್ಷ ನನ್ನ ಬರಹಕ್ಕೆ ಯಾರೂ ಬೀಗ ಹಾಕಲಿಲ್ಲ. ಯಾರೂ ಅದರಲ್ಲಿ ಕತ್ತಿಯನ್ನೂ ಅದ್ದಲಿಲ್ಲ.

ಕಾರ್ಖಾನೆ, ಅಧ್ಯಾಪನ ಇವೆರಡರ ನಡುವೆ ದಾರಿಯೇ ಇಲ್ಲವೆನ್ನಲಾರೆ. 1923ರಲ್ಲಿ ಅಡಿಕೆ ಮಾರಾಟಕ್ಕಾಗಿ ಹುಟ್ಟಿದ ನಮ್ಮ ತೋಟಗಾರರ ಸಂಘವೇ 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಪರಾಮರ್ಶಿಸಲು ವಿದ್ವಾಂಸರನ್ನು ಶಿರಸಿಗೆ ಬರಮಾಡಿಕೊಂಡದ್ದನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ವ್ಯಾಪಾರಿಗಳ ಪ್ರಶ್ನೆ ಅಂದು ಪಂಡಿತರ ಲೆಕ್ಕಕ್ಕೆ ಕತ್ತಿಯಾಯಿತು.

ಆದಕಾರಣ ಆ ತಂಗಿಗೆ, “ಎಲ್ಲಿ ಸೇರುವೆಯೆಂಬುದಕ್ಕಿಂತ ನಿನ್ನ ಕೆಲಸವನ್ನು ಒರೆಹಚ್ಚಿ ನೋಡುವವರು ಅಲ್ಲಿ ಇರುವರೇ ಎಂದು ವಿಚಾರಿಸು” ಎನ್ನಬೇಕೆಂದಿದ್ದೇನೆ. ಆದರೆ ಹೀಗೆನ್ನಲು ನನಗೆ ಅಧಿಕಾರವುಂಟೆ? ಪ್ರಾಧ್ಯಾಪಕನ ಹೆಸರಿನಲ್ಲಿ ತನ್ನ ಕೆಲಸ ಬೆಳಗಿದಾಗ ಡೇವಿಡ್ಡನಿಗೆ ಸಂತೋಷವಾಗಿದ್ದಿತೆ, ಸಂಕಟವಾಗಿದ್ದಿತೆ? ಆ ಬೀಗದ ಕೋಣೆಯಲ್ಲಿಯೇ ನಾನು ಉಳಿದಿದ್ದರೆ, ನನ್ನ ಹೆಸರು ಎಲ್ಲಿಯೂ ಇಲ್ಲದೆ ಹೋದರೂ, ನನ್ನ ಬಣ್ಣವು ಯಾರಾದರೊಬ್ಬರ ಸೀರೆಯ ಮೇಲೆ ನಾಲ್ಕು ಒಗೆತ ತಡೆದು ನಿಲ್ಲುತ್ತಿತ್ತಲ್ಲವೆ?