ಕಡಲು ದಾಟಿ ಮರಳಿದ ಲಯ



ಭಾಷೆ ಉಳಿದರೆ ಸಂಸ್ಕೃತಿ ಉಳಿಯಿತೆಂದು ಹೊರನಾಡ ಕನ್ನಡಿಗರಾದ ನಾವು ನಂಬಿದ್ದೇವೆ. ಗುಲಾಮರಾಗಿ ಅಟ್ಲಾಂಟಿಕ್ ದಾಟಿದ ಆಫ್ರಿಕನ್ನರ ಮಕ್ಕಳು ಒಡೆಯರ ನುಡಿಯನ್ನೇ ಕಲಿಯಬೇಕಾಯಿತು. ಉಳಿದದ್ದು ಲಯ. ಅದಕ್ಕೂ ಅಧಿಕಾರ ಹೆದರಿತು: ದಕ್ಷಿಣ ಕೆರೊಲಿನಾದಲ್ಲಿ 1739ರ ದಂಗೆಯ ಮರುವರ್ಷವೇ ಗುಲಾಮರು ನಗಾರಿ, ಕೊಂಬುಗಳನ್ನು ಇಟ್ಟುಕೊಳ್ಳಬಾರದೆಂದು ಶಾಸನವಾಯಿತು. ಸರ್ಕಾರಿ ಆದೇಶಗಳ ನಡುವೆಯೇ ಆಯುಷ್ಯ ಕಳೆದಿರುವ ನನಗೆ ಅದನ್ನು ಬರೆದವರ ಭಯ ಚೆನ್ನಾಗಿ ಅರ್ಥವಾಗುತ್ತದೆ.

ಕ್ಯೂಬಾದ ಕಥೆ ಇನ್ನೂ ಸ್ವಾರಸ್ಯಕರ. ಆಫ್ರಿಕದ ಲಯ ಅಲ್ಲಿ ಸ್ಪೇನಿನ ಗಿಟಾರಿನೊಡನೆ ಕೂಡಿ 'ಸೋನ್' ಎಂಬ ಸಂಗೀತವಾಯಿತು. 1930ರ ದಶಕದಿಂದ ಅದರ ಗ್ರಾಮಾಫೋನ್ ತಟ್ಟೆಗಳು ಕಾಂಗೋ ತೀರಕ್ಕೆ ಬಂದವು. ಅಲ್ಲಿನ ಯುವಕರು ಅದರಲ್ಲಿ ತಮ್ಮದನ್ನೇ ಗುರುತಿಸಿ, ಲಿಂಗಾಲ ಭಾಷೆಯಲ್ಲಿ ಹಾಡತೊಡಗಿದರು. 1960ರಲ್ಲಿ ಬ್ರಸೆಲ್ಸ್‌ನಲ್ಲಿ ಕಾಂಗೋ ಸ್ವಾತಂತ್ರ್ಯದ ಮಾತುಕತೆ ನಡೆದಾಗ ಜೋಸೆಫ್ ಕಬಾಸೆಲೆಯ ತಂಡ 'ಇಂಡಿಪೆಂಡೆನ್ಸ್ ಚಾ ಚಾ' ಹಾಡಿತು. ವಿಮೋಚನೆಯ ಹಾಡಿಗೆ ಒದಗಿದ್ದು ಕ್ಯೂಬಾದ ನಡೆ!

ಅಷ್ಟು ದೂರವೇಕೆ? ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಆಫ್ರಿಕಾ ಮೂಲದವರೇ. ಅವರ ಮನೆಗಳಲ್ಲಿ ಇಂದು ಕೊಂಕಣಿ, ಉರ್ದು, ಕನ್ನಡ ಕೇಳುತ್ತವೆ; ಡಮಾಮಿಯ ಬಡಿತ ಇನ್ನೂ ಉಳಿದಿದೆ. ಗುಜರಾತಿನ ಸಿದ್ದಿಗಳ 'ಮಲುಂಗ' ಸೋರೆಬುರುಡೆ ಕಟ್ಟಿದ ಒಂಟಿತಂತಿಯ ಬಿಲ್ಲು. ಬ್ರೆಜಿಲ್ಲಿನ ಬೆರಿಂಬಾವನ್ನು ಕಂಡವರು ಎರಡನ್ನೂ ಒಡಹುಟ್ಟಿದವೆಂದೇ ಎಣಿಸಿಯಾರು.

ನಮ್ಮ ರಾಜ್ಯೋತ್ಸವದ ವೇದಿಕೆಗೆ ಡೊಳ್ಳು ಬಂದಿದೆ, ಕಂಸಾಳೆ ಬಂದಿದೆ. ಡಮಾಮಿ ಒಮ್ಮೆಯೂ ಬಂದಿಲ್ಲ. ಮುಂದಿನ ನವೆಂಬರಿಗೆ ಸಿದ್ದಿ ಕಲಾವಿದರನ್ನು, ಪ್ರಯಾಣವೆಚ್ಚ ಹಾಗೂ ಯೋಗ್ಯ ಸಂಭಾವನೆಯೊಡನೆ, ಬರಮಾಡಿಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.