ನವಿಲುಗರಿ, ಕಪ್ಪು ಚಿಟ್ಟೆ ಮತ್ತು ಸೌರಕೋಶ



ಮಸಿನಗುಡಿಯ ಆಸುಪಾಸಿನಲ್ಲಿ ಬೆಳೆಯುವ ಮಕ್ಕಳಿಗೆ ನವಿಲನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಆದರೆ ನವಿಲುಗರಿ ಏಕೆ ನೀಲಿಯಾಗಿದೆ ಎಂದು ತರಗತಿಯಲ್ಲಿ ಕೇಳಿದರೆ, ಅದರಲ್ಲಿ ನೀಲಿ ಬಣ್ಣವಿದೆ ಎಂಬ ಉತ್ತರವೇ ಬರುತ್ತದೆ. ವಾಸ್ತವವಾಗಿ ಆ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಇರುವುದು ಮೆಲನಿನ್, ಮನುಷ್ಯನ ಕೂದಲನ್ನು ಕಪ್ಪಾಗಿಸುವ ವಸ್ತುವೂ ಅದೇ. ಗರಿಯನ್ನು ಕಿಟಕಿಗೆ ಅಡ್ಡಹಿಡಿದು, ಅದರ ಮೂಲಕ ಹಾದುಬರುವ ಬೆಳಕಿನಲ್ಲಿ ನೋಡಿದರೆ ನೀಲಿ ಮಾಯವಾಗಿ ಕಂದು ಉಳಿಯುತ್ತದೆ. ಗರಿಯನ್ನು ನೀರಿನಲ್ಲಿ ನೆನೆಸಿದರೆ ಬಣ್ಣ ಕೆಡುತ್ತದೆಂದು ರಾಬರ್ಟ್ ಹುಕ್ 1665ರಷ್ಟು ಹಿಂದೆಯೇ ತನ್ನ ‘ಮೈಕ್ರೋಗ್ರಾಫಿಯಾ’ದಲ್ಲಿ ದಾಖಲಿಸಿದ್ದಾನೆ. ಈ ಎರಡೂ ಪ್ರಯೋಗಗಳಿಗೆ ಖರ್ಚಿಲ್ಲ. ತಾನಾಗಿ ಉದುರಿದ ಒಂದು ಗರಿ ಸಾಕು. ಅದನ್ನೂ ಮುದುಮಲೆ ಸಂರಕ್ಷಿತ ಅರಣ್ಯದ ಒಳಗಿನಿಂದ ತರಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಹಾಗಾದರೆ ನೀಲಿ ಬರುವುದೆಲ್ಲಿಂದ? 2003ರಲ್ಲಿ ಚೀನಾದ ಫುಡಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗರಿಯ ಸೂಕ್ಷ್ಮ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮೆಲನಿನ್ನಿನ ಸಣ್ಣ ಕಡ್ಡಿಗಳು, ನಡುವೆ ಗಾಳಿಯ ರಂಧ್ರಗಳೊಡನೆ, ಬಲೆಯ ಕಣ್ಣುಗಳಂತೆ ಸಮಾಂತರದಲ್ಲಿ ಜೋಡಣೆಗೊಂಡಿದ್ದವು. ನೀಲಿ ಭಾಗದಲ್ಲಿ ಕಡ್ಡಿಗಳ ನಡುವಣ ಅಂತರ ಸುಮಾರು 140 ನ್ಯಾನೊಮೀಟರ್, ಹಳದಿ ಭಾಗದಲ್ಲಿ ಸುಮಾರು 165. ವಸ್ತು ಒಂದೇ, ಅಂತರ ಮಾತ್ರ ಬೇರೆ. ಒಂದೊಂದು ಸಾಲಿನಿಂದ ಮರಳುವ ಅಲೆಗಳು ಒಂದು ತರಂಗದೂರದಲ್ಲಿ ಪರಸ್ಪರ ಕೂಡಿ ಬಲಗೊಳ್ಳುತ್ತವೆ, ಉಳಿದ ತರಂಗದೂರಗಳಲ್ಲಿ ಹಾಗೆ ಕೂಡುವುದಿಲ್ಲ. ಬೆಳಕಿನ ತರಂಗದೂರಕ್ಕೆ ಹೊಂದುವ ಅಂತರದಲ್ಲಿ ಎರಡು ವಸ್ತುಗಳು ಹೀಗೆ ಕ್ರಮವಾಗಿ ಮರುಕಳಿಸುವ ರಚನೆಗೆ ಫೋಟಾನಿಕ್ ಸ್ಫಟಿಕ ಎಂದು ಹೆಸರು. 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಭಾರತ ಮೂಲದ ಸಜೀವ್ ಜಾನ್ ಪ್ರತ್ಯೇಕವಾಗಿ ಈ ಪರಿಕಲ್ಪನೆಗೆ ತಳಹದಿ ಹಾಕಿದರು. ಅದಕ್ಕೂ ಅರ್ಧ ಶತಮಾನ ಹಿಂದೆ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ನೀಲಕಂಠ ಪಕ್ಷಿಯ ಗರಿಯನ್ನು ಕುರಿತು ಬರೆದಿದ್ದರು; 1934ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆ ತೆರೆದುಕೊಂಡದ್ದೇ ಆ ಲೇಖನದಿಂದ.

ಇನ್ನು ಸೌರಕೋಶದ ವಿಚಾರ. ಸಿಲಿಕಾನ್ ಬೆಳಕನ್ನು ಹೀರುವುದರಲ್ಲಿ ಅಷ್ಟೇನೂ ಸಮರ್ಥ ವಸ್ತುವಲ್ಲ. ನೀಲಿ ಬೆಳಕು ಅದರೊಳಗೆ ಒಂದು ಮೈಕ್ರೋಮೀಟರ್ ಸಾಗುವಷ್ಟರಲ್ಲಿ ಬಹುಪಾಲು ಹೀರಲ್ಪಡುತ್ತದೆ. 1000 ನ್ಯಾನೊಮೀಟರಿನ ಅವಕೆಂಪು ಬೆಳಕಿಗಾದರೋ ಸುಮಾರು 150 ಮೈಕ್ರೋಮೀಟರ್ ದಾರಿ ಬೇಕು. ಆದುದರಿಂದಲೇ ಬಿಲ್ಲೆಗಳನ್ನು ಅಷ್ಟು ದಪ್ಪಗೆ ಕತ್ತರಿಸುತ್ತಾರೆ. ಶುದ್ಧ ಸಿಲಿಕಾನ್ ತಯಾರಿಸಲು ಅಪಾರ ಶಾಖ ಮತ್ತು ವಿದ್ಯುತ್ ಬೇಕಾಗುವುದರಿಂದ ದಪ್ಪವೆಂದರೆ ವೆಚ್ಚ. ಬಿಲ್ಲೆಯನ್ನು ತೆಳುವಾಗಿಸಿದರೆ ವೆಚ್ಚ ಇಳಿಯುತ್ತದೆ, ಆದರೆ ಅವಕೆಂಪು ಬೆಳಕು ಹೀರಲ್ಪಡದೆ ಹೊರಟುಹೋಗುತ್ತದೆ. ಮೇಲ್ಮೈಯಲ್ಲಿ ತಲೆಕೆಳಗಾದ ಪಿರಮಿಡ್ಡಿನ ಆಕಾರದ ಸೂಕ್ಷ್ಮ ಗುಳಿಗಳನ್ನು ಕ್ರಮವಾಗಿ ಕೊರೆದು ಫೋಟಾನಿಕ್ ಸ್ಫಟಿಕವನ್ನು ರೂಪಿಸಿದಾಗ, ನೇರವಾಗಿ ಒಳಬಂದ ಬೆಳಕು ಪಕ್ಕಕ್ಕೆ ತಿರುಗಿ ತೆಳುಹಾಳೆಯ ಉದ್ದಕ್ಕೂ ಸಾಗುತ್ತದೆ. ಹಾಳೆ ತೆಳುವಾದರೂ ಬೆಳಕಿನ ದಾರಿ ದೀರ್ಘವಾಗುತ್ತದೆ. 2019ರಲ್ಲಿ ಸಯಕ್ ಭಟ್ಟಾಚಾರ್ಯ ಮತ್ತು ಸಜೀವ್ ಜಾನ್ ಪ್ರಕಟಿಸಿದ ಲೆಕ್ಕಾಚಾರದಂತೆ ಕೇವಲ 15 ಮೈಕ್ರೋಮೀಟರ್ ದಪ್ಪದ ಇಂಥ ಸಿಲಿಕಾನ್ ಕೋಶ ಶೇ. 31ರಷ್ಟು ದಕ್ಷತೆ ತೋರಬಲ್ಲದು. ಇದು ಗಣಕದ ಲೆಕ್ಕವೇ ಹೊರತು ಚಾವಣಿಯ ಮೇಲೆ ಅಳೆದ ಫಲಿತಾಂಶವಲ್ಲ. ಪಾಠದಲ್ಲಿ ಈ ಅಂಕಿಯನ್ನು ಹೇಳುವಾಗ ಈ ಮಾತನ್ನೂ ಕೂಡಿಯೇ ಹೇಳತಕ್ಕದ್ದು.

ಈಗ ಕಪ್ಪು ಚಿಟ್ಟೆ. ಕೆಂಪು ದೇಹದ, ಕಪ್ಪು ರೆಕ್ಕೆಯ ‘ಕಾಮನ್ ರೋಸ್’ ಚಿಟ್ಟೆ ದಕ್ಷಿಣ ಭಾರತದಲ್ಲಿ ಸಾಮಾನ್ಯ. ಅದರ ಹುಳು ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುತ್ತದೆ. ಅದರ ರೆಕ್ಕೆಯ ಹುರುಪೆಗಳಲ್ಲಿ ಅಸಂಖ್ಯ ನ್ಯಾನೊರಂಧ್ರಗಳಿವೆ. ನವಿಲಿನ ಗರಿಯಂತೆ ಅವು ಸಾಲಾಗಿಲ್ಲ; ಗಾತ್ರವೂ ಅಂತರವೂ ಏರುಪೇರು. ಕ್ರಮಬದ್ಧ ರಚನೆ ಕೆಲವು ತರಂಗದೂರಗಳನ್ನು ಮಾತ್ರ ಆರಿಸಿಕೊಂಡರೆ, ಈ ಅಕ್ರಮ ರಚನೆ ಹಲವು ಬಣ್ಣಗಳ ಬೆಳಕನ್ನು ಹಲವು ಕೋನಗಳಿಂದ ಒಳಗೆ ಸೆಳೆಯುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು 2017ರಲ್ಲಿ ಇದನ್ನು ಅನುಕರಿಸಿ ಸಿಲಿಕಾನಿನ ಅತಿ ತೆಳುವಾದ ಪದರದಲ್ಲಿ ರಂಧ್ರಗಳನ್ನು ಮಾಡಿದರು. ನುಣುಪಾದ ಪದರಕ್ಕೆ ಹೋಲಿಸಿದರೆ ಹೀರುವಿಕೆ ನೇರ ಬೆಳಕಿನಲ್ಲಿ ಶೇ. 90ರಷ್ಟು, ಬಹಳ ಓರೆಯಾಗಿ ಬಿದ್ದ ಬೆಳಕಿನಲ್ಲಿ ಶೇ. 200ರವರೆಗೆ ಹೆಚ್ಚಿತು. ಇಲ್ಲಿ ಹೆಚ್ಚಿದ್ದು ಬೆಳಕಿನ ಹೀರುವಿಕೆ. ವಿದ್ಯುತ್ತು ಮೂರು ಪಟ್ಟಾಯಿತೆಂದು ಯಾರೂ ಹೇಳಿಲ್ಲ. ಆದರೂ ಓರೆ ಬೆಳಕಿನ ಪ್ರಯೋಜನ ಉದಕಮಂಡಲದವರಿಗೆ ಬೇಗ ಅರ್ಥವಾಗಬೇಕು. ಮಂಜು ಕವಿದ ದಿನ ಬೆಳಕು ಸೂರ್ಯನಿರುವ ಒಂದೇ ದಿಕ್ಕಿನಿಂದ ಬಾರದೆ, ಚದುರಿ ಆಕಾಶದ ಎಲ್ಲ ಕಡೆಯಿಂದ ಬರುತ್ತದೆ.

ಇಷ್ಟು ಕೇಳಿದ ಮೇಲೆ ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಬಹುದಾದ ಪ್ರಶ್ನೆಯೊಂದುಂಟು: ಫಲಕಕ್ಕೆ ಕಪ್ಪು ಬಣ್ಣ ಬಳಿದರೆ ಸಾಲದೇ? ಪ್ರಶ್ನೆ ಒಳ್ಳೆಯದು, ತಳ್ಳಿಹಾಕಬಾರದು. ಬಳಿದ ಬಣ್ಣವೂ ಬೆಳಕನ್ನು ಹೀರುತ್ತದೆ. ಆದರೆ ಹೀರಿದ ಶಕ್ತಿ ಬಣ್ಣದಲ್ಲಿಯೇ ಶಾಖವಾಗಿ ಮುಗಿದುಹೋಗುತ್ತದೆ. ವಿದ್ಯುತ್ ಬೇಕಾದರೆ ಬೆಳಕು ಸಿಲಿಕಾನಿನ ಒಳಗೇ ಹೀರಲ್ಪಟ್ಟು ಅಲ್ಲಿನ ಎಲೆಕ್ಟ್ರಾನನ್ನು ಬಿಡಿಸಬೇಕು. ರಂಧ್ರವೂ ಗುಳಿಯೂ ತಾವಾಗಿ ಏನನ್ನೂ ಹೀರುವುದಿಲ್ಲ. ಬೆಳಕನ್ನು ಸಿಲಿಕಾನಿಗೆ ಒಪ್ಪಿಸುತ್ತವೆ. ಕಪ್ಪು ಕಾಗದದಿಂದ ಮುಚ್ಚಿದ ಸೌರ ಕ್ಯಾಲ್ಕುಲೇಟರ್ ಕೆಲಸ ನಿಲ್ಲಿಸುವುದನ್ನು ತೋರಿಸಿದರೆ, ಬ್ಯಾಟರಿಯಿಲ್ಲದ ಮಾದರಿಯಾದಲ್ಲಿ, ಈ ವ್ಯತ್ಯಾಸವನ್ನು ಐದು ನಿಮಿಷದಲ್ಲಿ ವಿವರಿಸಬಹುದು.