ಗಿಟಾರ್ ಕಲಿಯಲು ಹೋದ ಒಂದು ವರ್ಷ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು 2005ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಮಿತಿಯವರು ನನಗೆ ಮೊದಲು ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು’. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಹತ್ತು ಜನ ಇದ್ದಾರೆ. ಹಾಗಾಗಿ ಬೇರೆ ವಿಷಯ ಕೇಳಿ ಪಡೆದೆ. 2017ರ ಜೂನ್‌ನಿಂದ ಒಂದು ವರ್ಷ ನಾನು ‘ಕಂಪನಿ ಟ್ರೈನಿಂಗ್‌ಗಾಗಿ ಚೆನ್ನೈಗೆ ಹೋಗಿದ್ದೇನೆ’ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಅದು ಸುಳ್ಳು. ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟು, ಚೆನ್ನೈನ ಒಂದು ಸಂಗೀತ ಕಾಲೇಜಿನಲ್ಲಿ ಗಿಟಾರ್ ಕಲಿಯುತ್ತಿದ್ದೆ. ಊರಿಗೆ ಟ್ರೈನಿಂಗ್ ಎಂದು ಹೇಳಿದವರು ನಮ್ಮ ಅಪ್ಪ. ಅವರು ಈಗ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. ನಗಬೇಡಿ, ಅವರ ಕಷ್ಟ ಅವರಿಗೆ. ಮಗನ ಓದಿಗೆ ಮಾಡಿದ ಬ್ಯಾಂಕ್ ಸಾಲ ತೀರಿ ಎರಡು ವರ್ಷವೂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ‘ಮಗ ಕೆಲಸ ಬಿಟ್ಟು ಗಿಟಾರ್ ಬಾರಿಸಲು ಹೋದ’ ಎಂದು ಅರಳಿಕಟ್ಟೆಯಲ್ಲಿ ಯಾವ ತಂದೆ ಹೇಳಿಯಾನು?

ನಾನು ಗಿಟಾರ್ ಮುಟ್ಟಿದ್ದು ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ರೂಮಿನ ಗೆಳೆಯನದು. ಅವನು ತೋರಿಸಿದ ನಾಲ್ಕು ಕಾರ್ಡ್‌ಗಳಲ್ಲಿ ಸಿನಿಮಾ ಹಾಡುಗಳು ಬರುತ್ತಿದ್ದವು. ಕಾಲೇಜು ಡೇ ದಿನ ಚಪ್ಪಾಳೆ ಬಿತ್ತು. ಕೆಲಸಕ್ಕೆ ಸೇರಿದ ಮೇಲೂ ವಾರಾಂತ್ಯಕ್ಕೆ ಬಾರಿಸುತ್ತಿದ್ದೆ. ಆರು ವರ್ಷ ಕಳೆಯುವ ಹೊತ್ತಿಗೆ ‘ನನಗೆ ಗಿಟಾರ್ ಬರುತ್ತದೆ, ಒಂದು ಪ್ರಯತ್ನ ಮಾಡಿದರೆ ಇದರಲ್ಲೇ ಬದುಕಬಹುದು’ ಎಂಬ ಧೈರ್ಯ ಬಂದಿತ್ತು.

ಆ ಧೈರ್ಯ ಉಳಿದದ್ದು ಪ್ರವೇಶ ಪರೀಕ್ಷೆಯ ದಿನದವರೆಗೆ ಮಾತ್ರ. ಎದುರಿಗೆ ಒಂದು ಹಾಳೆ ಇಟ್ಟು ‘ಓದಿ ಬಾರಿಸಿ’ ಎಂದರು. ಐದು ಗೆರೆ, ಅದರ ಮೇಲೆ ಕಪ್ಪು ಚುಕ್ಕಿಗಳು. ನನಗೆ ಒಂದಕ್ಷರ ಗೊತ್ತಿರಲಿಲ್ಲ. ಬಿ.ಇ. ಪಾಸಾದವನು ಅಂದು ಹೆಬ್ಬೆಟ್ಟು ಒತ್ತುವವನ ಹಾಗೆ ಕೂತಿದ್ದೆ. ಮೊದಲ ಹಂತದ ತರಗತಿಗೆ ಸೇರಿಸಿಕೊಂಡರು. ಅಲ್ಲಿ ನನ್ನ ಜೊತೆ ಇದ್ದವರೆಲ್ಲ ಹದಿನೆಂಟು, ಹತ್ತೊಂಬತ್ತರ ಮಕ್ಕಳು. ನನಗೆ 28. ಮೊದಲ ದಿನ ನನ್ನನ್ನು ಮೇಷ್ಟ್ರು ಎಂದುಕೊಂಡು ಒಬ್ಬ ಹುಡುಗ ಎದ್ದು ನಿಂತ.

ಸಂಗೀತ ಕಾಲೇಜು ಎಂದರೆ ಇಡೀ ದಿನ ಹಾಡು, ಕುಣಿತ ಎಂದು ಅನೇಕರು ಕೇಳುತ್ತಾರೆ. ನಿಜವಾಗಿ ಅದು ನಮ್ಮ ಹತ್ತನೇ ಕ್ಲಾಸಿನ ಹಾಗೆಯೇ ಇತ್ತು. ಬೆಳಿಗ್ಗೆ ಕಿವಿಯ ತರಬೇತಿ. ಪಿಯಾನೋದಲ್ಲಿ ಎರಡು ಸ್ವರ ನುಡಿಸುತ್ತಾರೆ. ನಡುವಿನ ಅಂತರ ಎಷ್ಟು ಎಂದು ಬರೆಯಬೇಕು. ಆಮೇಲೆ ಥಿಯರಿ, ನಂತರ ಲಯದ ತರಗತಿ. ಮಧ್ಯಾಹ್ನ ಎಲ್ಲರೂ ಕಡ್ಡಾಯವಾಗಿ ಸಮೂಹ ಗಾಯನದಲ್ಲಿ ಹಾಡಬೇಕು. ಗಿಟಾರ್ ಗುರುಗಳ ಜೊತೆ ಒಬ್ಬೊಬ್ಬರಿಗೇ ಪಾಠ ಇದ್ದದ್ದು ವಾರಕ್ಕೆ ಒಂದೇ ಗಂಟೆ. ಉಳಿದದ್ದೆಲ್ಲ ಅಭ್ಯಾಸದ ಕೋಣೆ. ಬಚ್ಚಲುಮನೆಯಷ್ಟು ಜಾಗ, ಒಂದು ಕುರ್ಚಿ, ಒಂದು ಸ್ಟ್ಯಾಂಡು. ದಿನಕ್ಕೆ ನಾಲ್ಕು ಗಂಟೆ ಅಲ್ಲಿರಬೇಕು.

ನಾನು ಕಲಿತದ್ದು ಕ್ಲಾಸಿಕಲ್ ಗಿಟಾರ್. ಮೊದಲ ತಿಂಗಳು ಒಂದು ಹಾಡೂ ಇಲ್ಲ. ಕೂರುವುದನ್ನೇ ಕಲಿಸಿದರು. ಎಡಗಾಲನ್ನು ಪುಟ್ಟ ಮಣೆಯ ಮೇಲಿಟ್ಟು, ಗಿಟಾರನ್ನು ಎಡತೊಡೆಯ ಮೇಲೆ ಓರೆಯಾಗಿ ನಿಲ್ಲಿಸಬೇಕು. ಎಡಗೈ ಉಗುರು ಪೂರ್ತಿ ಕತ್ತರಿಸಬೇಕು, ಬಲಗೈ ಉಗುರು ಸ್ವಲ್ಪ ಬೆಳೆಸಿ ಅರದಿಂದ ಉಜ್ಜಿ ನಯ ಮಾಡಬೇಕು. ರಜೆಗೆ ಊರಿಗೆ ಬಂದಾಗ ನನ್ನ ಬಲಗೈ ಉಗುರು ನೋಡಿ ಅಜ್ಜಿ ಬೈದದ್ದು ನೆನಪಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳು ಈ ನಾಲ್ಕಕ್ಕೂ ಸ್ಪ್ಯಾನಿಷ್ ಹೆಸರುಗಳಿವೆ. ಮೌರೊ ಜೂಲಿಯಾನಿ ಎಂಬ ಇಟಲಿಯ ವಾದಕ ಸುಮಾರು 200 ವರ್ಷಗಳ ಹಿಂದೆ ಬಲಗೈಗೆಂದೇ 120 ಅಭ್ಯಾಸಗಳನ್ನು ಬರೆದಿಟ್ಟಿದ್ದಾನೆ. ಎಡಗೈಗೆ ಎರಡೇ ಕಾರ್ಡ್, ಬಲಗೈ ಬೆರಳುಗಳ ಸರದಿ ಮಾತ್ರ 120 ರೀತಿ. ನಮ್ಮ ಕಾಪಿ ಪುಸ್ತಕದ ಹಾಗೆ ಅವನ್ನು ತಿದ್ದಬೇಕು.

ನಾನು ವೇಗವಾಗಿ ಬಾರಿಸುತ್ತಿದ್ದೆ. ಗುರುಗಳು ಮೆಟ್ರೊನೋಮ್ ಎಂಬ ಟಿಕ್ ಟಿಕ್ ಯಂತ್ರವನ್ನು ನಿಮಿಷಕ್ಕೆ 50 ಪೆಟ್ಟಿಗೆ ಇಳಿಸಿಟ್ಟರು. ‘ತಪ್ಪನ್ನು ನೂರು ಸಲ ಬಾರಿಸಿದರೆ ತಪ್ಪೇ ಗಟ್ಟಿಯಾಗುತ್ತದೆ. ತಪ್ಪದೆ ಬರುವಷ್ಟು ನಿಧಾನಕ್ಕೆ ಬಾರಿಸು, ಆಮೇಲೆ ವಾರಕ್ಕೆ ಎರಡು ಪೆಟ್ಟು ಏರಿಸು’ ಎಂದರು. ಆರು ವರ್ಷ ಕಲಿತದ್ದನ್ನು ಬಿಡಿಸಿಕೊಳ್ಳುವುದಕ್ಕೇ ನನಗೆ ಮೂರು ತಿಂಗಳು ಹಿಡಿಯಿತು.

ಮಕ್ಕಳಿಗೆ ಒಂದು ಲೆಕ್ಕ ಹೇಳುತ್ತೇನೆ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಒಂದೊಂದು ಪಟ್ಟಿಗೆ ಅರ್ಧ ಸ್ವರ ಏರುತ್ತದೆ. ಹನ್ನೆರಡನೆಯ ಪಟ್ಟಿಗೆ ತಂತಿ ಸರಿಯಾಗಿ ಅರ್ಧವಾಗಿ ಮೇಲಿನ ಷಡ್ಜ ಬರುತ್ತದೆ. ತಂತಿಯ ಉದ್ದ 65 ಸೆಂಟಿಮೀಟರ್ ಇದ್ದರೆ ಹನ್ನೆರಡನೆಯದು 32.5ಕ್ಕೆ ಬರಬೇಕು. ಹಾಗಾದರೆ ಪಟ್ಟಿಗಳನ್ನು ಸಮ ದೂರದಲ್ಲಿ ಇಟ್ಟರೆ ಆಗದೇ? ಆಗುವುದಿಲ್ಲ, ಅಪಸ್ವರ ಬರುತ್ತದೆ. ಮೊದಲ ಮನೆ ಸುಮಾರು 3.65 ಸೆಂಟಿಮೀಟರ್, ಎರಡನೆಯದು 3.44, ಹೀಗೆ ಕಿರಿದಾಗುತ್ತಾ ಹನ್ನೆರಡನೆಯ ಮನೆ 1.93ಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಉಳಿದ ಉದ್ದವನ್ನು ಸುಮಾರು 1.0595ರಿಂದ ಭಾಗಿಸುತ್ತಾ ಹೋಗಬೇಕು. ಆ ಸಂಖ್ಯೆಯನ್ನು ಹನ್ನೆರಡು ಸಲ ಗುಣಿಸಿದರೆ ಎರಡು ಬರುತ್ತದೆ. ಇದೇ ಗುಣೋತ್ತರ ಶ್ರೇಢಿ. ಇದೇ ಕಟ್ಟಡದ ಎಡಗಡೆಯ ಕೊನೆಯ ಕೋಣೆಯಲ್ಲಿ ನಮ್ಮ ಗಣಿತದ ಮೇಷ್ಟ್ರು ಇದನ್ನು ಹೇಳಿಕೊಟ್ಟಿದ್ದರು. ನಾನು ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಅರ್ಥವಾದದ್ದು ಹನ್ನೆರಡು ವರ್ಷಗಳ ಮೇಲೆ, ಚೆನ್ನೈನಲ್ಲಿ, ಗಿಟಾರಿನ ಮೇಲೆ ಸ್ಕೇಲು ಇಟ್ಟಾಗ. ಸರ್, ತಡವಾಯಿತು, ಕ್ಷಮಿಸಿ.

ನನಗೆ ಬಹಳ ಕಷ್ಟವಾದದ್ದು ಲಯದ ತರಗತಿ. ಕಾಲು ಒಂದು ಎಣಿಕೆ ಹಾಕುತ್ತಿರಬೇಕು, ಕೈ ಇನ್ನೊಂದು ತಟ್ಟಬೇಕು, ಬಾಯಿ ಹಾಳೆಯಲ್ಲಿರುವುದನ್ನು ಹೇಳಬೇಕು. ನಾನು ಪ್ರತಿ ಸಲ ಎಡವುತ್ತಿದ್ದೆ. ಪಕ್ಕದಲ್ಲಿ ಮಿಜೋರಾಂನ ಹುಡುಗನೊಬ್ಬ ನೀರು ಕುಡಿದಷ್ಟು ಸುಲಭವಾಗಿ ಮಾಡುತ್ತಿದ್ದ. ಎಲ್ಲಿ ಕಲಿತೆ ಎಂದು ಕೇಳಿದೆ. ‘ಕಲಿಯಲಿಲ್ಲ, ನಮ್ಮೂರ ಚರ್ಚಿನಲ್ಲಿ ಎಲ್ಲರೂ ಹಾಡುತ್ತಾರೆ’ ಎಂದ. ಅವರ ಹಾಡಿನ ಪುಸ್ತಕಗಳಲ್ಲಿ ‘ಟಾನಿಕ್ ಸೋಲ್ಫಾ’ ಎಂಬ ಅಕ್ಷರ ಲಿಪಿ ಇರುತ್ತದೆ, ನಮ್ಮ ಸರಿಗಮದ ಹಾಗೆ. ಅಪ್ಪ, ಅಮ್ಮ, ಮಕ್ಕಳು ಬೇರೆ ಬೇರೆ ಧ್ವನಿ ಹಿಡಿದು ಒಟ್ಟಿಗೆ ಹಾಡುತ್ತಾ ಬೆಳೆಯುತ್ತಾರೆ. ಅವನೂ ನನ್ನ ಹಾಗೆ ಸಣ್ಣ ಊರಿನವನೇ.

ಅಂದು ರಾತ್ರಿ ನನಗೆ ನಮ್ಮೂರಿನ ನೆನಪಾಯಿತು. ನಮ್ಮಲ್ಲಿ ಏನೂ ಇರಲಿಲ್ಲವೇ? ಶನಿವಾರ ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆ ಆಗುತ್ತಿತ್ತು. ನಮ್ಮ ಅಪ್ಪ ಇವತ್ತಿಗೂ ಅಲ್ಲಿ ತಾಳ ಹಾಕುತ್ತಾರೆ. ಮೂರು ಗಂಟೆ ಭಜನೆ ನಡೆದರೂ ಅವರ ತಾಳ ಓಡಿದ್ದನ್ನು ನಾನು ಕೇಳಿಲ್ಲ. ‘ಕುರುಕ್ಷೇತ್ರ’ ನಾಟಕಕ್ಕೆ ಎರಡು ತಿಂಗಳು ಪ್ರಾಕ್ಟೀಸ್ ಆಗುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಹೊಲದಿಂದ ಬಂದವರಿಗೆ ಮಟ್ಟು ಹೇಳಿಕೊಡುತ್ತಿದ್ದರು. ಇಷ್ಟೆಲ್ಲ ಇತ್ತು. ಆದರೆ ‘ಪರೀಕ್ಷೆ ಇದೆ, ಒಳಗೆ ಕೂತು ಓದಿಕೋ’ ಎಂದು ಕದ ಹಾಕುತ್ತಿದ್ದರು. ನಾನು ಕ್ಲಾಸಿಗೆ ಮೊದಲು ಬಂದೆ, ನಿಜ. ಅಪ್ಪನ ಪಕ್ಕ ಕೂತು ಒಂದು ಶನಿವಾರವೂ ತಾಳ ಹಾಕಲಿಲ್ಲ. 28ನೇ ವಯಸ್ಸಿನಲ್ಲಿ ದುಡ್ಡು ಕೊಟ್ಟು ಚಪ್ಪಾಳೆ ತಟ್ಟಲು ಕಲಿಯಬೇಕಾಯಿತು.

ವಾದ್ಯ ಯಾವುದೇ ಇರಲಿ, ಅದಕ್ಕೆ ಮರ್ಯಾದೆ ಸಿಗುವುದಕ್ಕೆ ಕಾಲ ಹಿಡಿಯುತ್ತದೆ. ಜಾನ್ ವಿಲಿಯಮ್ಸ್ ಎಂಬ ಜಗತ್ಪ್ರಸಿದ್ಧ ಗಿಟಾರ್ ವಾದಕರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಓದುವಾಗ ಅಲ್ಲಿ ಗಿಟಾರ್ ವಿಭಾಗವೇ ಇರಲಿಲ್ಲ, ಅವರು ಪಿಯಾನೋ ಓದಬೇಕಾಯಿತು. ಆಮೇಲೆ ವಿಭಾಗ ತೆರೆದಾಗ ಅವರನ್ನೇ ಮೇಷ್ಟ್ರು ಮಾಡಿದರು. ನಮ್ಮ ಹಾರ್ಮೋನಿಯಂ ಕೂಡ 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ ವಾದ್ಯ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು, ಮೂರು ದಶಕ ಒಳಗೆ ಬಿಡಲಿಲ್ಲ. ನಮ್ಮೂರಿನ ಭೀಮ, ದುರ್ಯೋಧನರು ಮಾತ್ರ ಅದನ್ನು ಒಂದು ದಿನವೂ ಬಿಡಲಿಲ್ಲ. ಪಿಟೀಲು ಕೂಡ ಹೊರಗಿನದೇ. ಮೈಸೂರಿನ ಚೌಡಯ್ಯನವರು ಏಳು ತಂತಿ ಹಾಕಿ ಅದನ್ನು ನಮ್ಮದೇ ಮಾಡಿದರು.

ವರ್ಷದ ಕೊನೆಗೆ ಪರೀಕ್ಷೆ. ಮೂವರು ಪರೀಕ್ಷಕರ ಎದುರು, ಸಭೆಯಲ್ಲಿ ಒಬ್ಬನೇ ಕೂತು ನುಡಿಸಬೇಕು. ನಾನು ಆರಿಸಿಕೊಂಡದ್ದು ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ ರಚಿಸಿದ ‘ಲಾಗ್ರಿಮಾ’. ಹಾಗೆಂದರೆ ಕಣ್ಣೀರು. ಎರಡೇ ಭಾಗದ ಪುಟ್ಟ ರಚನೆ. ನಾಲ್ಕು ತಿಂಗಳು ಅಭ್ಯಾಸ ಮಾಡಿದ್ದೆ. ಮೊದಲ ಭಾಗ ಚೆನ್ನಾಗಿ ಬಂತು. ಎರಡನೆಯದರ ನಡುವೆ ಬೆರಳು ನಿಂತಿತು. ಮುಂದಿನ ಸ್ವರ ನೆನಪಿಗೆ ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ, ಅದೇ ಜಾಗದಲ್ಲಿ ಮತ್ತೆ ನಿಂತೆ. ಎದ್ದು ನಮಸ್ಕಾರ ಮಾಡಿ ಹೊರಗೆ ಬಂದೆ. ಅಂದೇ ನನಗೆ ತಿಳಿಯಿತು, ನಾನು ಗಿಟಾರ್ ವಾದಕನಾಗಿ ಬದುಕುವವನಲ್ಲ ಎಂದು. ಒಂದು ವರ್ಷದ ಸಂಬಳ ಹೋಗಿತ್ತು, ಉಳಿತಾಯ ಕರಗಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಆ ವರ್ಷವಿಡೀ ಅವರು ಗಿಟಾರ್ ಎಂಬ ಮಾತನ್ನೇ ಎತ್ತಿರಲಿಲ್ಲ. ನಡೆದದ್ದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ನಾಟಕದಲ್ಲಿ ಮಾತು ಮರೆತರೆ ಹಾರ್ಮೋನಿಯಂ ಮೇಷ್ಟ್ರು ಇನ್ನೊಂದು ಸುತ್ತು ಬಾರಿಸ್ತಾರೆ ಕಣೋ. ಅಷ್ಟರಲ್ಲಿ ನೆನಪಾಗುತ್ತೆ. ಅಲ್ಲಿ ನಿನ್ನ ಪಕ್ಕ ಯಾರೂ ಇರಲಿಲ್ವಾ?’

ಯಾರೂ ಇರಲಿಲ್ಲ ಅಪ್ಪ ಎಂದೆ. ‘ಸರಿ, ಊರಿಗೆ ಬಾ’ ಎಂದರು.

ಬಂದೆ. ಮತ್ತೆ ಕೆಲಸ ಹುಡುಕಲು ಐದು ತಿಂಗಳು ಹಿಡಿಯಿತು. ‘ಈ ಒಂದು ವರ್ಷ ಏನು ಮಾಡಿದಿರಿ’ ಎಂದು ಪ್ರತಿ ಸಂದರ್ಶನದಲ್ಲೂ ಕೇಳಿದರು. ಮೊದಲಿಗಿಂತ ಕಡಿಮೆ ಸಂಬಳಕ್ಕೆ ಸೇರಿದೆ. ಇದನ್ನು ಮುಚ್ಚಿಡುವುದಿಲ್ಲ. ಏಕೆಂದರೆ ಇಲ್ಲಿರುವ ಮಕ್ಕಳಲ್ಲಿ ಯಾರಾದರೂ ನಾಳೆ ಸಂಗೀತ ಓದುತ್ತೇನೆ ಎಂದರೆ ಲೆಕ್ಕ ಪೂರ್ತಿ ಗೊತ್ತಿರಬೇಕು. ನನ್ನ ಸಹಪಾಠಿಗಳು ಕೆಲವರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿದ್ದಾರೆ, ಕೆಲವರು ಸ್ಟುಡಿಯೋಗಳಲ್ಲಿ ನುಡಿಸುತ್ತಾರೆ, ಹೆಚ್ಚಿನವರು ಮನೆಪಾಠ ಹೇಳಿ ಬದುಕುತ್ತಾರೆ. ಮರ್ಯಾದೆಯ ಬದುಕೇ. ಆದರೆ ಬೇಗ ಶುರು ಮಾಡಿದವರಿಗೆ ದಾರಿ ಸುಲಭ.

ಆ ವರ್ಷ ದಂಡವಾಯಿತೇ? ಈಗ ನಾನು ಭಾನುವಾರ ಬೆಳಿಗ್ಗೆ ಒಂದು ಗಂಟೆ ‘ಲಾಗ್ರಿಮಾ’ ನುಡಿಸುತ್ತೇನೆ, ನಿಲ್ಲದೆ ಬರುತ್ತದೆ. ಕಚೇರಿಯಲ್ಲಿ ಹೊಸಬರು ಅವಸರ ಮಾಡಿದರೆ ನಿಧಾನಿಸಲು ಹೇಳುತ್ತೇನೆ. ರಜೆಗೆ ಊರಿಗೆ ಬಂದ ಶನಿವಾರ ಅಪ್ಪನ ಪಕ್ಕ ಕೂತು ತಾಳ ಹಾಕುತ್ತೇನೆ. ಓಡಿಸಿದರೆ ಅವರು ಮೊಣಕೈಯಿಂದ ತಿವಿಯುತ್ತಾರೆ.

ಕೊನೆಗೆ ಒಂದು ಕೋರಿಕೆ. ನಾವು ಓದುವಾಗ ಸ್ಟಾಫ್ ರೂಮಿನ ಬೀರುವಿನ ಮೇಲೆ ಒಂದು ಹಾರ್ಮೋನಿಯಂ ಇತ್ತು. ಡ್ರಾಯಿಂಗ್ ಮೇಷ್ಟ್ರು, ಪಿ.ಟಿ. ಮೇಷ್ಟ್ರು ಇದ್ದರು, ಸಂಗೀತಕ್ಕೆ ಯಾರೂ ಇರಲಿಲ್ಲ. ಹಾಗಾಗಿ ಅದನ್ನು ಯಾರೂ ಇಳಿಸಲಿಲ್ಲ. ನಿನ್ನೆ ಹೋಗಿ ನೋಡಿದೆ, ಅದೇ ಜಾಗದಲ್ಲಿದೆ. ತಿದಿ ಹರಿದಿದೆ, ಮರ ಗಟ್ಟಿಯಿದೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಅದನ್ನು ಬೆಂಗಳೂರಿಗೆ ಒಯ್ದು ರಿಪೇರಿ ಮಾಡಿಸಿ ತರುತ್ತೇನೆ. ಎರಡು ಗಿಟಾರ್‌ಗಳನ್ನೂ ಕೊಡುತ್ತೇನೆ. ಆದರೆ ವಾದ್ಯ ಕೊಟ್ಟರೆ ಸಾಲದು, ಮತ್ತೆ ಬೀರುವಿನ ಮೇಲೇರುತ್ತದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಭಜನಾ ಮಂಡಳಿಯ ಹಿರಿಯರು ಇಲ್ಲಿಗೆ ಬಂದು ಮಕ್ಕಳ ಜೊತೆ ಕೂರಬೇಕು. ತಿಂಗಳಿಗೊಂದು ಶನಿವಾರ ನಾನು ಬರುತ್ತೇನೆ. ತಾಳದ ಪಾಠ ನನ್ನದಲ್ಲ. ಅದಕ್ಕೆ ನಮ್ಮ ಅಪ್ಪ ಒಪ್ಪಿದ್ದಾರೆ. ನಿನ್ನೆ ರಾತ್ರಿ ಕೇಳಿದೆ. ‘ಊರಿಗೆ ಏನು ಹೇಳೋದು’ ಎಂದರು. ಈ ಸಲ ನಿಜವನ್ನೇ ಹೇಳೋಣ ಎಂದೆ.